ಕೂಸಿಲ್ಲದ ಬಾಣಂತನ

ಮೇ ತಿಂಗಳ ನಾಗಪುರದ ಸುಡುಬಿಸಿಲಲ್ಲಿ, ಮೈಗೆ ಉಷ್ಣವಾದ ಅಂಟಿನುಂಡಿ ಕಟ್ಟುವವರಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಮನೆಯಲ್ಲಿ ಬಾಣಂತಿ ಇದ್ದರೆ ಮಾತು ಬೇರೆ. ಆ ವಾರ ನಮ್ಮ ಮನೆಯಲ್ಲಿ ಬಾಣಂತಿ ಇದ್ದಳು, ಕೂಸು ಇರಲಿಲ್ಲ.

ಮಗಳಿಗೆ ಆಗಲೇ ಒಂದು ಪುಟ್ಟ ಮಗುವಿದೆ. ಕಳಮೇಶ್ವರದ ಕಾರ್ಖಾನೆಯ ಕೆಲಸಕ್ಕೆ ಆಗಷ್ಟೇ ಮರಳಿದ್ದಳು. ಬಯಸದೆ ಮತ್ತೊಂದು ನಿಂತಾಗ ಗಂಡ ಹೆಂಡತಿ ಮಾತಾಡಿಕೊಂಡು, ಬೇಡ ಎಂದು ತೀರ್ಮಾನಿಸಿ, ಆಸ್ಪತ್ರೆಯಲ್ಲಿ ತೆಗೆಸಿದರು. ವಿಶ್ರಾಂತಿಗೆ ಅವಳು ನಾನೂ ನನ್ನ ಅವ್ವನೂ ಇರುವ ಮನೆಗೆ ಬಂದಳು. ಹೊಟ್ಟೆನೋವು ಅಂತ ಅಜ್ಜಿಗೆ ಹೇಳು ಎಂದು ಕಲಿಸಿಕೊಟ್ಟವಳು ನಾನೇ. ನನಗೆ ಗೊತ್ತಿದ್ದ ದಾರಿ ಅದೊಂದೇ. ನನ್ನ ಕಾಲಕ್ಕೆ ನಾನು ಕಾಮಾಲೆ ಎಂದು ಹೇಳಿ, ವಾರ ತುಂಬುವ ಮೊದಲೇ ಬ್ಯಾಂಕಿನ ಕೌಂಟರಿನಲ್ಲಿ ಕೂತು ಗಿರಾಕಿಗಳ ಮುಂದೆ ನಕ್ಕಿದ್ದೆ. ಅವ್ವನಿಗೂ ಹೇಳಿರಲಿಲ್ಲ.

ಮಗಳು ನನ್ನ ಮಾತು ಎಲ್ಲಿ ಕೇಳುತ್ತಾಳೆ? ಚಹಾ ಕುಡಿಯುತ್ತ ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಏಕಾದಶಿ ತಪ್ಪಿಸದ ಅವ್ವ ಏನನ್ನುತ್ತಾಳೋ ಎಂದು ನಾನು ಹೆದರಿದೆ.

ಅವ್ವ ಕಪ್ಪು ಕೆಳಗಿಟ್ಟಳು. "ಹಂಗಾದ್ರ ನೀ ಬಾಣಂತಿ," ಎಂದಳು.

"ಕೂಸ ಇಲ್ಲಲ್ಲ, ಅಜ್ಜಿ."

"ಮೈ ಹಣ್ಣಾಗೈತಿ, ಅಷ್ಟ ಸಾಕು. ನಮ್ಮಕ್ಕಗ ಬೇರು ಕೊಟ್ಟು ತೆಗಸಿದ್ರು. ಮಂದಿಗೆ ಗೊತ್ತಾಗಬಾರದಂತ ಮರುದಿನಾನ ಹಳ್ಳಕ್ಕ ಅರಬಿ ಒಗ್ಯಾಕ ಕಳಿಸಿದ್ರು. ವಾರದಾಗ ಹೋದ್ಲು. ಜ್ವರ ಬಂದಿತ್ತು ಅಂದ್ರು."

ಅವ್ವನಿಗೆ ಒಬ್ಬ ಅಕ್ಕ ಇದ್ದಳೆಂಬುದು ನನಗೆ ಗೊತ್ತಾದದ್ದೇ ಆಗ.

ಅಲ್ಲಿಂದ ಮನೆ ಅವ್ವನ ಕೈಗೆ ಹೋಯಿತು. ಕೂಲರ್ ಬಂದ್. ಕಿವಿಗೆ ಹತ್ತಿ, ತಲೆಗೆ ಅರಿವೆ, ಸುಡುಸುಡು ನೀರಿನ ಸ್ನಾನ. ಮಗಳು ಬೆವರಿ ತೊಪ್ಪೆಯಾಗಿ "ಅಜ್ಜಿ, ಬಸ್ ಕರೋ" ಎಂದು ಗೋಗರೆದರೂ ಅವ್ವ ಜಪ್ಪಯ್ಯ ಅನ್ನಲಿಲ್ಲ. ತುಪ್ಪದಲ್ಲಿ ಅಂಟು ಅರಳಿ ಘಮ್ಮೆಂದಾಗ ನಾನು ಓಡಿಹೋಗಿ ಅಡುಗೆಮನೆಯ ಕಿಟಕಿ ಹಾಕಿದೆ. ಅವ್ವ ಬಂದು ತೆಗೆದಳು. "ಮುಚ್ಚಿಟ್ಟು ಅಕ್ಕನ್ನ ಕಳಕೊಂಡೇವಿ. ಇಕೀನ್ನ ಕಳಕೊಳ್ಳಾಂಗಿಲ್ಲ."

ವಾಸನೆ ಹಿಡಿದು ಎದುರು ಫ್ಲ್ಯಾಟಿನ ಮರಾಠಿ ಕಾಕು ಬಂದೇಬಿಟ್ಟರು. "ಮೇ ಮಹಿನ್ಯಾತ್ ಡಿಂಕಾಚೆ ಲಾಡೂ? ಗುಡ್ ನ್ಯೂಸ್ ಆಹೇ ಕಾ?" ಮೇ ತಿಂಗಳಲ್ಲಿ ಅಂಟಿನುಂಡಿಯೇ, ಸಿಹಿಸುದ್ದಿ ಏನಾದರೂ ಇದೆಯೇ ಎಂದು ಅವರ ಪ್ರಶ್ನೆ.

ನಾನಿನ್ನೂ ಒಂದು ಸುಳ್ಳು ಹುಡುಕುತ್ತಿದ್ದೆ. ಮಗಳು ಕಿವಿಯ ಹತ್ತಿ ತೆಗೆದು, ಗರ್ಭಪಾತ ಮಾಡಿಸಿಕೊಂಡೆ, ಅಜ್ಜಿ ಬಾಣಂತನ ಮಾಡುತ್ತಿದ್ದಾಳೆ ಎಂದು ಮರಾಠಿಯಲ್ಲಿ ನೆಟ್ಟಗೆ ಹೇಳಿದಳು. ಕಾಕು ಬಾಯಿ ತೆರೆದು ನಿಂತರು. ಅವ್ವ ಅವರ ಕೈಗೊಂದು ಉಂಡಿ ಇಟ್ಟು "ಬಸಾ" ಎಂದಳು. ಅವರು ಕೂತರು, ತಿಂದರು, ತಣ್ಣೀರು ಮುಟ್ಟಬೇಡ ಎಂದು ಮಗಳಿಗೆ ಬುದ್ಧಿ ಹೇಳಿದರು. ನಾವು ಗೆದ್ದೆವು ಅನ್ನಿಸಿ ನನಗೆ ಎಷ್ಟು ಖುಷಿಯಾಯಿತೆಂದರೆ, ಬಾಯಿ ತಡೆಯಲಾಗಲಿಲ್ಲ.

"ಅವ್ವ, ನಾನೂ ತೆಗಸಿದ್ದೆ," ಎಂದೆ. "ಅದು ಕಾಮಾಲಿ ಅಲ್ಲ."

ಅವ್ವ ಉಂಡಿ ಕಟ್ಟುವ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಎದ್ದುಹೋಗಿ ಕಪಾಟಿನಿಂದ ಇನ್ನೊಂದು ಅರಿವೆ ತಂದು, ಕಾಕುವಿನ ಎದುರಿಗೇ ನನ್ನ ನರೆತ ತಲೆಗೆ ಬಿಗಿಯಾಗಿ ಕಟ್ಟಿದಳು.