ಗೌರಮ್ಮನವರು ಮೆತ್ತಿದ ಅರಗು

ಧರ್ಮಾರ್ಥ ಕಾರಿನ ಬಾಗಿಲಿನ ಸವೆದ ರಬ್ಬರಿಗೆ ದಂಡ ತೆತ್ತವರು ಟ್ರಸ್ಟಿನ ಪದಾಧಿಕಾರಿಗಳಲ್ಲ. ಹಿಂದಿನ ಸೀಟಿನಲ್ಲಿ ಕೂತು ಧೂಳು ಕುಡಿದ ಗೌರಮ್ಮನವರು.

ವಿರೂಪಾಕ್ಷಿಪುರದ ಕಡೆಯ ಗೌರಮ್ಮನವರ ಬೆರಳ ತುದಿಗಳು ಸದಾ ಕೆಂಪು. ಹರೆಯದಿಂದಲೂ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ, ತಿರುಗುವ ಮರಕ್ಕೆ ಬಣ್ಣದ ಅರಗು ಹಿಡಿದ ಗುರುತು ಅದು. ಮರದ ಪುಡಿ ಎದೆಯಲ್ಲಿ ಉಳಿಯಿತು. ಮೂಗಿಗೊಂದು ಬಟ್ಟೆಯನ್ನೂ ಕೊಡದ ಮಾಲೀಕರು, ಉಬ್ಬಸ ಶುರುವಾದೊಡನೆ ಅವರನ್ನು ಮನೆಗೆ ಕಳುಹಿಸಿದರು. ಇದು ಮೊದಲ ಅನ್ಯಾಯ. ಆದರೆ ಉಬ್ಬಸ ಅವರ ನಾಲಗೆಯನ್ನು ಮುಟ್ಟಿರಲಿಲ್ಲ. “ಬೊಂಬೇದು ಬಣ್ಣ ಹೋಗಿಲ್ಲ, ಬೊಂಬೆ ಮಾಡ್ದೋಳ್ಗೆ ಉಸಿರಿಲ್ಲ, ನೋಡಿ ಮೇಷ್ಟ್ರೇ” ಎಂದು ಕೆಮ್ಮುತ್ತಲೇ ನಗುತ್ತಿದ್ದರು.

ರೋಗಿಗಳನ್ನು ರಾಮನಗರದ ಆಸ್ಪತ್ರೆಗೆ ಕರೆದೊಯ್ಯುವ ಟ್ರಸ್ಟಿನ ಕಾರಿನಲ್ಲಿ, ಊರಿನ ಶಾಲೆಯ ಮೇಷ್ಟ್ರಾದ ನಾನೂ ಅವರ ಜೊತೆಗೆ ಹೋಗುತ್ತಿದ್ದೆ. ಹಿಂದಿನ ಬಾಗಿಲಿನ ಸುತ್ತಲ ರಬ್ಬರ್ ಬೀಡಿಂಗ್ ಒಣಗಿ, ಬಿರಿದು, ಜೋತುಬಿದ್ದಿತ್ತು. ಮಣ್ಣುದಾರಿಯ ಧೂಳು, ಮುಂದಿನ ಲಾರಿಯ ಹೊಗೆ, ಎಲ್ಲವೂ ಆ ಸಂದಿಯಿಂದ ಒಳಗೆ. ಉಸಿರಿಗಾಗಿ ಹೊರಟವರ ಉಸಿರನ್ನು ಕಾರೇ ಕಸಿಯುತ್ತಿತ್ತು. ಕಾರ್ಯದರ್ಶಿಗೆ ಹೇಳಿದೆ. ಅವರು ಆಯುಧಪೂಜೆಗೆ ಕಾರಿನ ಮೇಲೆ ದಾನಿಗಳ ಹೆಸರನ್ನು ಹೊಸ ಬಣ್ಣದಲ್ಲಿ ಬರೆಸಿ, ಕುಂಬಳಕಾಯಿ ಒಡೆಸಿದರು.

ಒಂದು ಬೆಳಿಗ್ಗೆ ಗೌರಮ್ಮನವರು ಅರಗಿನ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ತಂದು, ಬಾಗಿಲಿನ ಅಂಚಿಗೆಲ್ಲ ಮೆತ್ತಿ, ಒಳಗೆ ಕೂತು ಬಾಗಿಲು ಎಳೆದುಕೊಂಡರು. ಆ ದಿನ ಒಳಗೆ ಧೂಳಿಲ್ಲ. ಆದರೆ ರಾಮನಗರದಲ್ಲಿ ಎಷ್ಟು ತಳ್ಳಿದರೂ ಬಾಗಿಲು ತೆರೆಯಲಿಲ್ಲ; ಆಚೆ ಬಾಗಿಲಿನಿಂದ ಅವರನ್ನು ಇಳಿಸಬೇಕಾಯಿತು. ಸುದ್ದಿ ತಿಳಿದು ಬಂದ ಕಾರ್ಯದರ್ಶಿ ಆಸ್ಪತ್ರೆಯ ಅಂಗಳದಲ್ಲೇ ಕೂಗಾಡಿದರು: “ಏನಮ್ಮಾ, ಕಾರನ್ನೇ ಹಾಳ್ಮಾಡ್ಬುಟ್ಯಲ್ಲ!”

“ಅರಗು ಹಿಡಿದ್ರೆ ಬುಡಾಕಿಲ್ಲ ಸ್ವಾಮಿ, ನಿಮ್ ರಬ್ಬರ್‌ನಂಗಲ್ಲ. ಹೆಸ್ರು ಬರ್ಸಾಕೆ ಬಣ್ಣ ಸಿಗ್ತದೆ, ಧೂಳ್ ತಡ್ಯಾಕೆ ಒಸಿ ರಬ್ಬರ್ ಸಿಗಾಕಿಲ್ವಾ?”

ಸುತ್ತಲಿದ್ದವರು ನಕ್ಕರು. ಆ ನಗುವಿಗೆ ಅಂಜಿ ಟ್ರಸ್ಟಿನವರು ರಬ್ಬರ್ ಬದಲಾಯಿಸಿದರು. ಹೇಗೆ ಬದಲಾಯಿಸಿದರೆಂಬುದನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. ಹೊಸ ಬೀಡಿಂಗ್ ಹೋದದ್ದು ಅಧ್ಯಕ್ಷರು ಕೂರುವ ಮುಂದಿನ ಬಾಗಿಲಿಗೆ. ಅಲ್ಲಿಂದ ಕಿತ್ತ ಹಳೆಯದನ್ನು ರೋಗಿಗಳ ಬಾಗಿಲಿಗೆ ಅಂಟಿಸಿದ್ದರು. ಅದು ಅಳತೆಗೂ ಸಾಲದೆ ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಗೌರಮ್ಮನವರು ಆ ಸಂದಿಗೆ ತಮ್ಮ ಕೆಂಪು ಬೆರಳು ತೂರಿಸಿ ನೋಡಿದರು.

“ಅವ್ರು ಉಂಡ ಎಲೆ ತೊಳ್ದು ನಮ್ಗೆ ಹಾಕವ್ರೆ.”

ಆಮೇಲೆ ಅವರು ಆ ಕಾರು ಹತ್ತಲಿಲ್ಲ. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವರಿಗಿರಲಿಲ್ಲ. ಕೊನೆಯ ಸಲ ಕರೆಯಲು ಹೋದಾಗ ಜಗುಲಿಯ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು. “ನೀವ್ ಹೋಗ್ಬನ್ನಿ ಮೇಷ್ಟ್ರೇ. ಡಾಕ್ಟ್ರು ಕೊಟ್ಟ ಉಸ್ರನ್ನ ಆ ಕಾರು ದಾರೀಲೇ ವಾಪಸ್ ಕಿತ್ಕತದೆ.”

ಮುಂದಿನ ಸರದಿಯ ಹೊತ್ತಿಗೆ ಅವರು ಉಳಿದಿರಲಿಲ್ಲ. ಅಧ್ಯಕ್ಷರು ಹಾರ ತಂದರು: ಅದೇ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ, ಗಾಜು ಏರಿಸಿಕೊಂಡು.

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಕಾರು ಮತ್ತೆ ಹೊರಡುವ ಮೊದಲು ಹಿಂದಿನ ಎರಡೂ ಬಾಗಿಲುಗಳಿಗೆ ಅಳತೆಗೆ ಸರಿಯಾದ ಹೊಸ ರಬ್ಬರ್ ಹಾಕಿಸಿ. ಹಾಕಿಸಿದ ಮೇಲೆ ಗೌರಮ್ಮನವರ ಜಾಗದಲ್ಲಿ ನೀವೇ ಕೂತು, ವಿರೂಪಾಕ್ಷಿಪುರದಿಂದ ರಾಮನಗರದವರೆಗೆ ಬನ್ನಿ. ಮೂಗು ಮುಚ್ಚಿಕೊಳ್ಳದೆ ಬನ್ನಿ.