ಕಲಕದೆ ಬಿಟ್ಟ ಜೇಡಿ

ಪ್ರಕಟವಾದ ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕೋ ಬೇಡವೋ ಎಂದು ನಿರುಪಮ ಭಾದುಡಿ ಆ ಚಳಿಗಾಲವಿಡೀ ತಲೆ ಕೆಡಿಸಿಕೊಂಡಿದ್ದರು. ಕೋಲ್ಕತ್ತದ ಒಂದು ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ಅರ್ಧ ಆಯುಷ್ಯ ಕಳೆದದ್ದು ಜೇಡಿಮಣ್ಣಿನ ಗಂಜಿಯ ಮೇಲೆ. ಸುಮ್ಮನೆ ಬಿಟ್ಟರೆ ಅದು ಗಟ್ಟಿಯಾಗಿ ಕೂರುತ್ತದೆ, ಕಲಕಿದರೆ ಹರಿಯುತ್ತದೆ. ಒಂದೇ ಬಲದಿಂದ ತಳ್ಳಿದರೂ ಹರಿಯುವುದು ಬಿಡುವುದು ಅದರ ಹಿಂದಿನ ಸ್ಥಿತಿಯ ಮೇಲೆ ನಿಂತಿದೆ ಎಂದು ಆ ಪ್ರಬಂಧದಲ್ಲಿದ್ದ ಅವರ ಸಮೀಕರಣ ಹೇಳುತ್ತಿತ್ತು. ನಕ್ಷೆಯಲ್ಲಿ ಬಲ ಏರಿಸುವಾಗ ಒಂದು ಗೆರೆ, ಇಳಿಸುವಾಗ ಇನ್ನೊಂದು ಬರಬೇಕು. ಕೆಳಮಹಡಿಯ ಪ್ರಯೋಗಶಾಲೆಯಲ್ಲಿ ಕೇತಕಿ ಸಾನ್ಯಾಲ್ ಅಳೆದಾಗಲೆಲ್ಲ ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗುತ್ತಿದ್ದವು.

ಅವರು ಲೆಕ್ಕವನ್ನು ಮತ್ತೆ ಮತ್ತೆ ತಿರುವಿ ಹಾಕಿದರು. ತಪ್ಪು ಸಿಗಲಿಲ್ಲ, ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು. ಮೀನು ತರಲು ಹೋಗಿ ಸೋರೆಕಾಯಿ ತಂದು ಹೆಂಡತಿಯಿಂದ ಬೈಸಿಕೊಂಡರು.

ಆ ಸಂಸ್ಥೆಯಲ್ಲಿ ಗಣಿತದವರು ಯಂತ್ರದ ಹತ್ತಿರ ನಿಲ್ಲುವ ರೂಢಿಯಿಲ್ಲ. ನಕ್ಷೆ ಮಹಡಿಗೆ ಬರುತ್ತದೆ, ಅವರು ಚಹಾ ಕುಡಿಯುತ್ತ ನೋಡುತ್ತಾರೆ. ಕೊನೆಗೆ ಬೇರೇನೂ ತೋಚದೆ ನಿರುಪಮರೇ ಕೆಳಗಿಳಿದರು. ಕೇತಕಿ ಗಂಜಿಯನ್ನು ಬಟ್ಟಲಿಗೆ ಹಾಕಿ, ಯಂತ್ರವನ್ನು ಸ್ವಲ್ಪ ಹೊತ್ತು ಗರಗರ ತಿರುಗಿಸಿ, ಆಮೇಲೆ ಅಳೆಯತೊಡಗಿದಳು.

"ಮೊದಲು ಯಾಕೆ ತಿರುಗಿಸಿದ್ದು?"

"ಹಳೇದೆಲ್ಲ ಮರೀಲಿ ಅಂತ, ನಿರುಪಮ್‌ದಾ. ಇಲ್ಲಾಂದ್ರೆ ಒಂದೊಂದ್ಸಲ ಒಂದೊಂದು ಉತ್ತರ ಕೊಡುತ್ತೆ. ಎಲ್ಲರೂ ಹೀಗೇ ಮಾಡೋದು."

"ನಾನು ಲೆಕ್ಕ ಹಾಕಿರೋದೇ ಆ ಹಳೇದನ್ನ."

"ಅದನ್ನ ಇಳಿದು ಬಂದು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

ಕೆಳಗೆ ಹೇಗೆ ಅಳೆಯುತ್ತಾರೆ ಎಂಬುದು ಕೇಳಬೇಕಾದ ಸಂಗತಿ ಎಂದೇ ಅವರಿಗೆ ಹೊಳೆದಿರಲಿಲ್ಲ.

ಕಲಕದೆ ಅಳೆದಾಗ ಎರಡು ಗೆರೆ ಬಂದವು. ನಿರುಪಮರು ಕುರ್ಚಿ ಎಳೆದುಕೊಂಡು ಕೂತರು. ರಾತ್ರಿಯಿಡೀ ಹಾಗೇ ಬಿಟ್ಟ ಗಂಜಿಯನ್ನು ಮಾರನೆಯ ದಿನ ಅಳೆದಾಗ ಮೂರನೆಯದೊಂದು ಬಂತು. ಅವರ ಸಮೀಕರಣದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಒಂದು ಬಂದಾಗ್ಲೂ ಇದೇ ಮುಖ, ಮೂರು ಬಂದಾಗ್ಲೂ ಇದೇ ಮುಖ. ಎಷ್ಟು ಬೇಕಿತ್ತು ನಿಮಗೆ?" ಎಂದಳು ಕೇತಕಿ.

ಎರಡು ಎನ್ನಲು ಅವರಿಗೆ ನಾಚಿಕೆಯಾಯಿತು.

ಪ್ರಬಂಧವನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. ಅದು ತಪ್ಪೆನ್ನಲು ಆಧಾರ ಸಾಲದು, ಸರಿಯೆನ್ನಲೂ ಸಾಲದು. ಹಾಗೆಂದೇ ಅದನ್ನು ಪ್ರಕಟಿಸಿದ್ದ ಪತ್ರಿಕೆಗೆ ಬರೆದು, ಮೂರೂ ಗೆರೆಗಳನ್ನು ಲಗತ್ತಿಸಿದರು. ಆಮೇಲೆ ಮುಂದಿನ ಅಳತೆಯ ತನಕ ಯಾರೂ ಬಟ್ಟಲು ಅಲುಗಿಸದಂತೆ ಅದರ ಪಕ್ಕದಲ್ಲೇ ಕೂತು, ಚಹಾವನ್ನು ಕೆಳಕ್ಕೇ ತರಿಸಿಕೊಂಡರು.