ನೀರಿನಿಂದ ಕಂಡ ಗೋಡೆ

ದ್ವೀಪದ ಪಾರ್ಕಿನ ಕಾವಲುಗಾರ ಹತ್ತೊಂಬತ್ತು ವರ್ಷಗಳಿಂದ ಬಂದವರಿಗೆ ಟೆಂಟ್ ಹಾಕಿಕೊಡುತ್ತಿದ್ದ, ಕಾಲುದಾರಿ ಗುಡಿಸುತ್ತಿದ್ದ, ಕಯಾಕ್ ಎಂಬ ಪುಟ್ಟ ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ತಾನು ಮಾತ್ರ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು; ದ್ವೀಪಕ್ಕೆ ಬಂದುಹೋಗುತ್ತಿದ್ದುದೂ ಸೇತುವೆಯ ಮೇಲೆಯೇ. ನರ್ಸ್ ಕೆಲಸದಿಂದ ನಿವೃತ್ತಳಾಗಿ ನಾಲ್ಕು ದಿನ ಇರಲು ಬಂದ ಅವನ ಅಕ್ಕ, ಅವನಿಗೆ ಲೈಫ್ ಜಾಕೆಟ್ ತೊಡಿಸಿ, ಕಯಾಕಿನಲ್ಲಿ ಮುಂದೆ ಕೂರಿಸಿ, ತಾನೇ ಹುಟ್ಟು ಹಾಕಿದಳು.

"ಅಕ್ಕಾ, ಅಲ್ಲಾಡಿಸ್ಬೇಡ!"

"ಅಲ್ಲಾಡ್ತಿರೋದು ನೀನು ಕಣೋ. ಮೊದ್ಲು ಕಣ್ಣು ಬಿಡು."

ಬಿಟ್ಟ. ದ್ವೀಪದ ಹಿಂಬದಿಯನ್ನು ನೀರಿನಿಂದ ನೋಡಿದ್ದು ಅದೇ ಮೊದಲು. ಶೌಚಾಲಯದ ಹಿಂದಿನ ಗೋಡೆ ಸುಣ್ಣವನ್ನೇ ಕಂಡಿರಲಿಲ್ಲ.

"ಇಷ್ಟು ವರ್ಷ ಎಲ್ರೂ ಇದನ್ನ ನೋಡಿದ್ರಾ?"

"ನೋಡ್ದೆ ಏನು?"

ಅವನಿಗೆ ಭಯ ಹೋಗಿ ನಾಚಿಕೆಯಾಯಿತು. ಮರುದಿನ ಗೋಡೆಗೆ ಸುಣ್ಣ ಬಳಿದ. ಸಂಜೆ, ಹೇಗೆ ಕಾಣುತ್ತದೆಂದು ನೋಡಲು ಒಬ್ಬನೇ ಕಯಾಕ್ ಹತ್ತಿದ. ಅಕ್ಕ ದಡದಲ್ಲಿ ಚಹಾ ಕುಡಿಯುತ್ತಿದ್ದಳು.